ಸರಿತೂಕದ ಕಲ್ಲು

ಗೆದಾಮು ಹಸಿ ಕಾಫಿ ಬೀಜಗಳನ್ನು ತಟ್ಟೆಯ ಮೇಲೆ ಒಂದೊಂದಾಗಿ ಇಡುತ್ತ ದಾರಿ ಹೇಳುತ್ತಿದ್ದ.

"ಇದು ನಾವು ಕೂತಿರೋ ದೆಬಾರ್ಕ್ ಪೇಟೆ. ಇದು ಮೊದಲನೇ ದಿನದ ಬೀಡು, ಸಾಂಕಾಬರ್. ಇದು ಎರಡನೇದು..." ಅಲ್ಲಿಗೆ ಬಂದು ಅವನ ಕೈ ತಡೆಯಿತು.

"ಸಾರ್‌ಮೇಡಾ ಅನ್ನು. ಹೆಸರು ಹೇಳಿದ್ರೆ ನಾಲಿಗೆ ಏನೂ ಸುಡಲ್ಲ," ಎಂದಳು ತೋಯ್ಬಾ. ಅವಳು ಬೆಂಕಿಯ ಮುಂದೆ ಕೂತು ಉಳಿದ ಬೀಜ ಹುರಿಯುತ್ತಿದ್ದಳು.

"ಸರಿ ತೋಯ್ಬಕ್ಕ. ಸಾರ್‌ಮೇಡಾ. ಮೂರನೇದು ಚೆನೆಕ್. ಅಲ್ಲಿಂದ ಸುತ್ತಿ ಬಳಸಿ ಐದನೇ ದಿನ ಮನೆಗೆ. ಬೆಟ್ಟ ನೋಡೋಕೆ ಬಂದಿರೋ ಆ ಹೊರದೇಶದ ಗಂಡಹೆಂಡಿರು ಮೂರೇ ದಿನ ಸಾಕು ಅಂತಿದ್ರು. ನೀರು ಬೀಳೋ ಕಮರಿ ತೋರಿಸ್ತೀನಿ, ಅದನ್ನ ನೋಡದೆ ಹೋದವರು ಸಿಮಿಯನ್ ಬೆಟ್ಟ ನೋಡಿದಂಗೇ ಅಲ್ಲ ಅಂತ ಹೇಳಿ ಐದಕ್ಕೆ ಒಪ್ಪಿಸಿದೀನಿ. ನನ್ನ ಬಾಯಿಗೆ ಯಾರಾದ್ರೂ ಒಂದು ಬಹುಮಾನ ಕೊಡಬೇಕು."

ಯಿಮಾಮ್ ಗೋಡೆಗೆ ಒರಗಿ ಕೂತಿದ್ದ. ಅವನು ತೋಯ್ಬಾಳ ಗಂಡ, ಹೇಸರಗತ್ತೆಯವನು. ಬೆಟ್ಟಕ್ಕೆ ಬರುವ ಹೊರಗಿನವರ ಸಾಮಾನನ್ನು ತನ್ನ ಹೇಸರಗತ್ತೆ ಬೂಲಾಳ ಮೇಲೆ ಹೇರಿಕೊಂಡು ಹೋಗುವುದು ಅವನ ಕಸುಬು. ಗೆದಾಮು ಅಂಥವರಿಗೆ ದಾರಿ ತೋರಿಸುವವನು, ಪಕ್ಕದ ಮನೆಯ ಹುಡುಗ; ಅವನು ಕ್ರೈಸ್ತ, ಇವರು ಮುಸಲ್ಮಾನರು. ಎರಡು ಮನೆಗಳ ನಡುವೆ ಮಾಂಸದ ಪಾತ್ರೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಓಡಾಡುತ್ತಿತ್ತು.

ಸಾರ್‌ಮೇಡಾ ಯಿಮಾಮನ ಊರಾಗಿತ್ತು. ಬೆಟ್ಟವೆಲ್ಲ ಕಾಡುಪ್ರಾಣಿಗಳಿಗೆ ಮೀಸಲು ಎಂದು ಮೇಲಿನವರು ಹೇಳಿ, ಆರು ವರ್ಷದ ಹಿಂದೆ ಊರಿಗೆ ಊರನ್ನೇ ಎಬ್ಬಿಸಿ ಪೇಟೆಯ ಅಂಚಿನ ಈ ತಗಡಿನ ಸಾಲುಮನೆಗಳಿಗೆ ತಂದು ಹಾಕಿದ್ದರು. ಈಗ ಸಾರ್‌ಮೇಡಾದವರು ಸಾರ್‌ಮೇಡಾಕ್ಕೆ ಸುಮ್ಮನೆ ಹೋಗುವ ಹಾಗಿಲ್ಲ. ಹೊರದೇಶದವರ ಜೊತೆ ಹೇಸರಗತ್ತೆ ಹೊಡೆದುಕೊಂಡೋ, ಅಡುಗೆ ಮಾಡಿಕೊಂಡೋ ಹೋಗಬೇಕು. ಸ್ವಂತ ಊರಿಗೆ ಕೂಲಿಯವನಾಗಿ ಹೋಗುವ ಭಾಗ್ಯ!

ಆದರೆ ಈ ಮನೆಯ ಸಂಕಟ ಊರು ಬಿಟ್ಟಿದ್ದಲ್ಲ. ಊರನ್ನು ಎಲ್ಲರೂ ಬಿಟ್ಟರು. ಈ ಮನೆಯ ಸಂಕಟ ಬಾಗಿಲ ಪಕ್ಕದಲ್ಲಿ ಕೂತಿದ್ದ ಒಂದು ಕಲ್ಲು.

ಅದು ಹಿಟ್ಟು ಅರೆಯುವ ಕಲ್ಲಿನ ಒಡೆದ ಅರ್ಧ. ಮೈತುಂಬ ಉಳಿಯ ಚುಕ್ಕಿ, ಒಂದು ಅಂಚು ನುಣುಪು. ಅವರ ಒಬ್ಬಳೇ ಮಗಳು ರವ್ದಾ ಆ ಕಲ್ಲಿನ ಪಕ್ಕದಲ್ಲೇ ಕೂತು ಬಾರ್ಲಿ ಹಿಟ್ಟು ಮುಖಕ್ಕೆ ಬಳಿದುಕೊಂಡು ಬೆಳೆದವಳು. ನಾಲ್ಕು ವರ್ಷಕ್ಕೆ ಜ್ವರ ಬಂತು. ಔಷಧಿ ಸಿಗುವ ಜಾಗ ಒಂದು ಹಗಲಿನ ದಾರಿ. ಅರ್ಧ ದಾರಿಯಿಂದ ಹಿಂದಿರುಗಬೇಕಾಯಿತು. ಅದೇ ವಾರ ಅರೆಯುವ ಕಲ್ಲೂ ಒಡೆಯಿತು. ಅದರ ಅರ್ಧವನ್ನು ತೋಯ್ಬಾ ಮಗಳ ಗೋರಿಯ ತಲೆಯ ಕಡೆಗೆ ನಿಲ್ಲಿಸಿದಳು. ಮನೆಯ ಹೊಸ್ತಿಲಿನಿಂದ ಕೆಳಗಿನ ಹುಲ್ಲಿನ ಬಯಲಲ್ಲಿದ್ದ ಆ ಕಲ್ಲಿಗೆ ನಲವತ್ತೊಂದು ಹೆಜ್ಜೆ. ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಿಡಿದು ಆ ಹೆಜ್ಜೆಗಳನ್ನು ನಡೆಯುತ್ತಿದ್ದಳು.

ಊರು ಬಿಟ್ಟ ದಿನ ಬೆಟ್ಟಕ್ಕೆ ಮಂಜು ಕವಿದಿತ್ತು. ಚಾಚಿದ ಕೈ ಕಾಣುತ್ತಿರಲಿಲ್ಲ. ತೋಯ್ಬಾ ಹೆಂಗಸರ ಗುಂಪಿನ ಜೊತೆ ಮುಂದೆ ಹೋಗಿದ್ದಳು. ಯಿಮಾಮ್ ಬೂಲಾಳ ಒಂದು ಮಗ್ಗುಲಿಗೆ ಕಾಳಿನ ಮೂಟೆ, ಇನ್ನೊಂದಕ್ಕೆ ಪಾತ್ರೆಪಗಡೆ ಕಟ್ಟಿ ಹೊರಟ. ಮನೆಯಿಂದ ಇಳಿಯುತ್ತಿದ್ದಂತೆಯೇ ಹೇರು ಕಾಳಿನ ಕಡೆಗೆ ವಾಲಿತು. ಹೇರು ವಾಲಿದರೆ ಹೇಸರಗತ್ತೆಯವನು ಏನು ಮಾಡುತ್ತಾನೆ? ಅಪ್ಪ ಮಾಡಿದ್ದನ್ನು, ಅಜ್ಜ ಮಾಡಿದ್ದನ್ನು ಮಾಡುತ್ತಾನೆ: ಕೈಗೆ ಸಿಕ್ಕ ಚಪ್ಪಟೆ ಕಲ್ಲೊಂದನ್ನು ಎತ್ತಿ ಹಗುರಾದ ಕಡೆಗೆ ಸಿಕ್ಕಿಸುತ್ತಾನೆ. ಅದಕ್ಕೆ ಕಣ್ಣೂ ಬೇಡ, ಯೋಚನೆಯೂ ಬೇಡ. ಹಿಂದಿನಿಂದ ಕಾವಲಿನವರು ಬೇಗ ಬೇಗ ಎಂದು ಕೂಗುತ್ತಿದ್ದರು. ಯಿಮಾಮ್ ಮಂಜಿನಲ್ಲಿ ಬಗ್ಗಿ ತಡವಿದ, ಸಿಕ್ಕಿದ್ದನ್ನು ಕಿತ್ತ, ಕಟ್ಟಿದ, ನಡೆದ.

ಎರಡು ದಿನದ ಮೇಲೆ ಪೇಟೆಯಲ್ಲಿ ಹೇರು ಇಳಿಸುವಾಗ ತೋಯ್ಬಾಳೇ ಆ ಕಲ್ಲನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿದಳು. ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಅವಳ ಗಂಟಲಿನಿಂದ ಬಂದ ಸದ್ದನ್ನು ಯಿಮಾಮ್ ಮಗಳು ಸತ್ತ ದಿನವೂ ಕೇಳಿರಲಿಲ್ಲ. "ಅವಳ ತಲೆದಿಂಬು ಕಿತ್ಕೊಂಡು ಬಂದ್ಯಲ್ಲೋ," ಎಂದಳು. "ಇನ್ನು ಅವಳು ಎಲ್ಲಿದಾಳೆ ಅಂತ ಯಾರಿಗೆ ಗೊತ್ತಾಗುತ್ತೆ?"

ಆರು ವರ್ಷದಿಂದ ಅವಳು ಪ್ರತಿ ಬೆಳಿಗ್ಗೆ ಬಾಗಿಲ ಪಕ್ಕದ ಆ ಕಲ್ಲಿಗೆ ಒಂದು ಲೋಟ ನೀರು ಹಾಕುತ್ತಾಳೆ. ಯಿಮಾಮ್ ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಅದನ್ನು ದಾಟಬೇಕು.

"ಅಡುಗೆಯವನಿಗೆ ಒಬ್ಬರು ಸಹಾಯಕ್ಕೆ ಬೇಕು ಅಂತ ನಿಮ್ಮ ಹೆಸರು ಬರೆಸಿದೀನಿ ತೋಯ್ಬಕ್ಕ," ಗೆದಾಮು ಮುಂದುವರಿಸಿದ. "ಈರುಳ್ಳಿ ಹೆಚ್ಚೋಕೆ ಬರುತ್ತಾ ಅಂತ ಕೇಳಿದ್ರು. ನನಗೆ ಬೈಯೋಕಿಂತ ಚೆನ್ನಾಗಿ ಹೆಚ್ತಾರೆ ಅಂದೆ."

ತೋಯ್ಬಾಳ ತುಟಿ ಸ್ವಲ್ಪ ಅಲುಗಿತು. ಮೂರು ತಿಂಗಳಿಂದ, ಕಲ್ಲನ್ನು ಮಗಳ ಹತ್ತಿರ ವಾಪಸ್ ಕೊಂಡೊಯ್ಯುವ ಈ ಏರ್ಪಾಟು ಶುರುವಾದಾಗಿನಿಂದ, ಅವಳಲ್ಲಿ ಒಂದು ಹುರುಪು ಬಂದಿತ್ತು. ಐದು ದಿನಕ್ಕೆ ಎಷ್ಟು ಹುರಿದ ಬಾರ್ಲಿ, ಸಾರಿಗೆ ಎಷ್ಟು ಶಿರೋ ಎಂಬ ಕಾಳಿನ ಹಿಟ್ಟು, ಯಾವ ಏರಿನಲ್ಲಿ ಗಾಳಿ ಹೇಗೆ, ಯಾವ ತೊರೆ ಈ ತಿಂಗಳಲ್ಲಿ ಬತ್ತಿರುತ್ತದೆ, ಎಲ್ಲವನ್ನೂ ಗೆದಾಮುಗೇ ಹೇಳಿಕೊಡುತ್ತಿದ್ದಳು.

"ಕಲ್ಲು ಹನ್ನೆರಡು ಕೆಜಿ ತೂಗುತ್ತೆ," ಎಂದ ಗೆದಾಮು. "ಬೆಟ್ಟದ ಗೇಟಲ್ಲಿ ತೂಕ ಹಾಕೋವಾಗ ಇದೇನು ಅಂತ ಕೇಳಿದ್ರೆ?"

"ಸರಿತೂಕದ ಕಲ್ಲು ಅಂದ್ರಾಯ್ತು," ಯಿಮಾಮ್ ಮೊದಲ ಸಲ ಬಾಯಿ ಬಿಟ್ಟ. "ಯಾವ ಹೇಸರಗತ್ತೆ ಮೇಲೆ ಇರಲ್ಲ? ಯಾರೂ ಕೇಳಲ್ಲ."

ತೋಯ್ಬಾ ಬಾಣಲೆಯಲ್ಲಿ ಸಿಡಿಯುತ್ತಿದ್ದ ಬೀಜಗಳನ್ನು ಕದಡಿದಳು.

ಮಾತನ್ನು ಅಲ್ಲಿಗೇ ಬಿಡದೆ ಗೆದಾಮು ಎಡವಿದ. ಒಳ್ಳೆಯ ಹುಡುಗ, ಆದರೆ ಸುಮ್ಮನಿರಲು ಬಾರದವನು. "ಇನ್ನು ಪಾಳಿ ಒಂದೇ ಬಾಕಿ. ಈ ಸಲ ಹೇಸರಗತ್ತೆ ಹೊಡೆಯೋ ಪಾಳಿ ಹುಸೇನಂದು. ಅವನು ಬಿಟ್ಟುಕೊಡ್ತಾನೆ ಬಿಡು ಯಿಮಾಮಣ್ಣ. ಸಾರ್‌ಮೇಡಾ ದಾರಿ ಬಂದಾಗೆಲ್ಲ ನೀನು ಅವನಿಗೆ ಕೊಟ್ಟಿಲ್ವಾ, ಏಳು ಸಲ? ಒಂದಾದ್ರೂ ವಾಪಸ್ ಕೊಡಲಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೋಯ್ಬಾ ಬಾಣಲೆಯನ್ನು ಬೆಂಕಿಯಿಂದ ಕೆಳಗಿಟ್ಟಳು.

"ಏಳು ಸಲ?" ಎಂದಳು. "ಆ ದಾರಿ ಪಾಳಿ ನಮಗೆ ಬೀಳ್ತಾನೇ ಇಲ್ಲ, ನಮ್ಮ ಹಣೇಬರಹ ಅಂದ್ಯಲ್ಲ ನೀನು. ಆರು ವರ್ಷ ನಾನು ಪಾಳಿ ಚೀಟಿಗೆ ಶಾಪ ಹಾಕ್ದೆ."

ಗೆದಾಮು ಎದ್ದು ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಯಿಮಾಮನಿಗೆ ಸುಳ್ಳು ಹೇಳಲು ಆರು ವರ್ಷ ಸಿಕ್ಕಿತ್ತು, ನಿಜ ಹೇಳಲು ಈಗ ಒಂದು ಉಸಿರೂ ಸಿಗಲಿಲ್ಲ.

"ಹೋಗಿ ಏನು ನೋಡ್ಲಿ?" ಎಂದ ಕೊನೆಗೆ. "ಹೋಗಿ, ಸಿಗಲಿಲ್ಲ ಅಂತ ಬಂದು ನಿನಗೆ ಹೇಳ್ಲಾ? ಹೋಗದೇ ಇದ್ರೆ ಎಲ್ಲೋ ಇದ್ದಾಳೆ ಅಂತನಾದ್ರೂ ಇರುತ್ತೆ. ಹೆದರಿಕೆ ಆಯ್ತು ಕಣೇ."

"ನಿನಗೆ ಹೆದರಿಕೆ. ಅವಳೊಬ್ಬಳೇ ಅಲ್ಲಿ, ಆ ಚಳೀಲಿ. ಅವಳಿಗೆ?"

ಆಮೇಲೆ ಹೊರಡುವ ದಿನದವರೆಗೆ ಅವಳು ಅವನ ಜೊತೆ ಹಿಟ್ಟು, ಹಗ್ಗ, ಉಪ್ಪು, ಇಷ್ಟರ ಮಾತು ಬಿಟ್ಟು ಬೇರೆ ಆಡಲಿಲ್ಲ.

ಹುಸೇನ್ ಪಾಳಿ ಬಿಟ್ಟುಕೊಟ್ಟ. ಗೇಟಿನಲ್ಲಿ ಕಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಮೊದಲ ದಿನ ಸಾಂಕಾಬರಿನವರೆಗೆ ಸಲೀಸು. ಎರಡನೆಯ ದಿನದ ಏರು ಕಠಿಣ. ಹೊರದೇಶದ ಗಂಡಹೆಂಡಿರು ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ತೋಯ್ಬಾಳ ಮೊಣಕಾಲು ಊದಿತ್ತು. ಬೂಲಾಳ ಮೇಲೆ ಕೂರು ಎಂದರೆ ಕೂರಲಿಲ್ಲ. ಕಲ್ಲಿದ್ದ ಮಗ್ಗುಲಲ್ಲೇ, ಹೇರಿನ ಹಗ್ಗ ಹಿಡಿದುಕೊಂಡು ಉದ್ದಕ್ಕೂ ನಡೆದಳು. ಇಲ್ಲೇ ಅಂತ ಒಂದು ಜಾಗ ತೋರಿಸಿಬಿಟ್ಟರಾಯಿತು ಎಂದು ಯಿಮಾಮ್ ದಾರಿಯುದ್ದಕ್ಕೂ ಆ ಸುಳ್ಳನ್ನು ನಾಲಿಗೆಯ ಮೇಲೆ ಹದ ಮಾಡಿಕೊಳ್ಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಸಾರ್‌ಮೇಡಾ ಬಂತು. ಬಂತು ಎನ್ನಲು ಅಲ್ಲಿ ಏನಿತ್ತು? ಗೋಡೆಗಳಿಲ್ಲ, ಬೇಲಿಯಿಲ್ಲ. ಆಳೆತ್ತರದ ಜಿಬರಾ ಗಿಡಗಳು, ಸೊಂಟದವರೆಗೆ ಹುಲ್ಲು. ಅದರ ನಡುವೆ ನೂರಾರು ಚೆಲಾಡಾ ಕೋತಿಗಳು ಕೂತು ಬೇರು ಕೀಳುತ್ತ, ಅಡ್ಡ ಬಂದ ಕಲ್ಲುಗಳನ್ನು ಮಗುಚುತ್ತ ಆರಾಮವಾಗಿದ್ದವು. ತೋಯ್ಬಾ ಅತ್ತಿತ್ತ ನೋಡಿದಳು. ಹೊಸ್ತಿಲು ಒಂದು ಸಿಕ್ಕಿದರೆ ಸಾಕು, ಅಲ್ಲಿಂದ ನನ್ನ ಕಾಲಿಗೆ ಗೊತ್ತು ಎಂದು ಮೂರು ತಿಂಗಳಿಂದ ಹೇಳುತ್ತಿದ್ದವಳಿಗೆ ಹೊಸ್ತಿಲೇ ಇರಲಿಲ್ಲ.

ಆಗ ಬೂಲಾ ಯಿಮಾಮನ ಕೈಯಿಂದ ಹಗ್ಗ ಎಳೆದುಕೊಂಡಳು. ಹುಲ್ಲು ಸೀಳಿಕೊಂಡು ನೆಟ್ಟಗೆ ಹೋಗಿ, ಒಂದು ಕಡೆ ಪಕ್ಕಕ್ಕೆ ತಿರುಗಿ ನಿಂತಳು. ಮುಂದೆ ಗೋಡೆಯಿದೆಯೋ ಎಂಬಂತೆ ತಲೆ ತಗ್ಗಿಸಿ, ಹೇರು ಇಳಿಸಲಿ ಎಂದು ಕಾಯತೊಡಗಿದಳು.

"ಅವಳ ಕೊಟ್ಟಿಗೆ," ಎಂದಳು ತೋಯ್ಬಾ. "ಹಂಗಾದ್ರೆ ಬಾಗಿಲು ಇಲ್ಲಿ."

ಬೂಲಾಳ ಭುಜಕ್ಕೆ ಬೆನ್ನು ಕೊಟ್ಟು ನಿಂತು ಎಣಿಸತೊಡಗಿದಳು. ಯಿಮಾಮ್ ಕಲ್ಲು ಹೊತ್ತು ಹಿಂದೆ ನಡೆದ. ನಲವತ್ತೊಂದಕ್ಕೆ ನಿಂತಳು. ಹುಲ್ಲು ಕೆದರಿದರೆ ಬರೀ ಹುಲ್ಲು. "ನನ್ನ ಮೊಣಕಾಲು," ಎಂದಳು. "ಆಗ ಹೆಜ್ಜೆ ಉದ್ದ ಇತ್ತು." ಹಿಂದಕ್ಕೆ ಹೋಗಿ ಕುಂಟುತ್ತ ಉದ್ದ ಹೆಜ್ಜೆ ಹಾಕಿದಳು. ಹತ್ತು ಮಾರು ಮುಂದೆ ಬಂದು ನಿಂತಳು. ಅಲ್ಲೂ ಹುಲ್ಲು. "ನೀನು ತೋರಿಸು. ಆವತ್ತು ಎಲ್ಲಿ ಬಗ್ಗಿದೆ?" ಯಿಮಾಮ್ ಮನೆಯಿಂದ ಇಳಿದ ದಾರಿಯನ್ನು ನೆನೆದು ಇನ್ನೊಂದು ಕಡೆಗೆ ಹೋಗಿ ನಿಂತ. ಮೂರು ಜಾಗ, ಒಂದಕ್ಕೊಂದು ಕೂಗಳತೆಯಲ್ಲೂ ಅಲ್ಲ, ಮಾತಿನಳತೆಯಲ್ಲಿ. ಯಾವುದರಲ್ಲೂ ಗುರುತಿಲ್ಲ.

"ಇಲ್ಲೇನಾ?" ಎಂದು ಕೇಳಿದಳು. "ನನ್ನ ಮುಖ ನೋಡಿ ಹೇಳು."

ಹದ ಮಾಡಿಟ್ಟುಕೊಂಡ ಸುಳ್ಳು ಬಾಯಿಯಲ್ಲೇ ಇತ್ತು. ಒಂದು 'ಹೌದು' ಅಂದಿದ್ದರೆ ಅವಳು ಕೂತು ಅತ್ತು ಹಗುರಾಗುತ್ತಿದ್ದಳೋ ಏನೋ. ಅವನಿಗೆ ಆಗಲಿಲ್ಲ.

"ಗೊತ್ತಿಲ್ಲ ಕಣೇ. ನನಗೆ ಗೊತ್ತಿಲ್ಲ," ಎಂದು ಆ ಗಂಡಸು ಕಲ್ಲನ್ನು ಎದೆಗವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ತೋಯ್ಬಾ ಅವನ ಅಳು ಮುಗಿಯುವವರೆಗೆ ನಿಂತಿದ್ದಳು. ಆಮೇಲೆ ಕಲ್ಲನ್ನು ಅವನಿಂದ ತೆಗೆದುಕೊಂಡು ಮೂರು ಜಾಗಗಳ ನಡುವೆ ಒಂದು ಕಡೆ ನೆಟ್ಟಳು. ಮಣ್ಣು ಒತ್ತಿದಳು. ಪಟ್ಟಣದಿಂದ ತಂದ ಲೋಟದಲ್ಲಿ ತೊರೆಯ ನೀರು ತಂದು ಸುರಿದಳು. ಉಳಿದದ್ದನ್ನು ನಾಲ್ಕೂ ದಿಕ್ಕಿಗೆ ಚಿಮುಕಿಸಿದಳು. "ರವ್ದಾ," ಎಂದು ಮೂಡಲಿಗೆ ತಿರುಗಿ ಕರೆದಳು. "ರವ್ದಾ," ಎಂದು ಪಡುವಲಿಗೆ. ಕೋತಿಗಳು ತಲೆಯೆತ್ತಿ ನೋಡಿ ಮತ್ತೆ ಬೇರು ಕೀಳತೊಡಗಿದವು.

ಮೇಲಿನಿಂದ ಗೆದಾಮು ಡೇರೆಯ ಗೂಟ ಹಿಡಿದು ಬರುತ್ತಿದ್ದ. ಈ ಸಮತಟ್ಟು ಬಯಲಿನಲ್ಲೇ ಎಲ್ಲರೂ ಡೇರೆ ಹಾಕುವುದು. ಅವನೂ ಎಷ್ಟೋ ಸಲ ಹಾಕಿದ್ದ. ಹತ್ತಿರ ಬಂದವನು ಕಲ್ಲು ನೋಡಿ, ತೋಯ್ಬಾಳನ್ನು ನೋಡಿ, ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟ.

"ತೊರೆ ಆಚೆ ಹಾಕ್ತೀನಿ ತೋಯ್ಬಕ್ಕ," ಎಂದ. "ದಾರಿಯ ಹಾಳೆಯಲ್ಲೂ ಬರೀತೀನಿ, ಮುಂದೆ ಬರೋ ಯಾರೂ ಇಲ್ಲಿ ಬೀಡು ಬಿಡಬಾರ್ದು ಅಂತ. ಯಾಕೆ ಅಂತ ಬರೀಲಿ?"

"ಮಗು ಮಲಗಿದೆ ಅಂತ ಬರಿ."

"ಎಲ್ಲಿ ಅಂತ ಕೇಳಿದ್ರೆ?"

"ಎಲ್ಲಾ ಕಡೆ ಅನ್ನು ತಮ್ಮಾ," ಎಂದಳು ತೋಯ್ಬಾ.

ಮರುದಿನ ಬೆಳಿಗ್ಗೆ ಚೆನೆಕ್ಕಿಗೆ ಹೊರಡಬೇಕು. ಬಿಸಿಲು ಹುಲ್ಲಿನ ಹಿಮವನ್ನು ಕರಗಿಸುತ್ತಿತ್ತು. ಯಿಮಾಮ್ ಎರಡೂ ಮಗ್ಗುಲಿಗೆ ಹೇರು ಕಟ್ಟಿ ಹಗ್ಗ ಬಿಗಿದ. ಬೂಲಾ ಎರಡು ಹೆಜ್ಜೆ ಇಟ್ಟದ್ದೇ ತಡ, ಹೇರು ಆಲೂಗಡ್ಡೆ ಚೀಲದ ಕಡೆಗೆ ವಾಲಿತು. ಇನ್ನೊಂದು ಕಡೆ ಹನ್ನೆರಡು ಕೆಜಿ ಕಮ್ಮಿಯಾಗಿತ್ತು. ಅವನ ಬಲಗೈ ತಾನಾಗಿ ನೆಲಕ್ಕೆ ಹೋಯಿತು. ಹುಲ್ಲಿನಲ್ಲಿ ಹೇಳಿ ಮಾಡಿಸಿದಂಥ ಒಂದು ಚಪ್ಪಟೆ ಕಲ್ಲು. ಬೆರಳು ಅದರ ಅಂಚಿನ ಕೆಳಗೆ ತೂರಿತ್ತು.

ಅಲ್ಲೇ ನಿಂತಿತು. ಯಾರ ಮನೆಯ ಕಲ್ಲೋ, ಯಾರ ತಲೆಯ ಕಡೆಯದೋ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. ಹಗ್ಗ ಬಿಚ್ಚಿ ಆಲೂಗಡ್ಡೆ ಚೀಲವನ್ನು ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. ತಿರುಗಿದರೆ ತೋಯ್ಬಾ ನೋಡುತ್ತ ನಿಂತಿದ್ದಳು.

"ಇಷ್ಟು ಬುದ್ಧಿ ಆವತ್ತು ಇದ್ದಿದ್ರೆ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅವಳು ಹೊದ್ದಿದ್ದ ಶಾಲನ್ನು ನೆಲದ ಮೇಲೆ ಹಾಸಿ, ಚೀಲದ ಬಾಯಿ ಬಿಚ್ಚಿ ಅರ್ಧ ಆಲೂಗಡ್ಡೆಗಳನ್ನು ಅದಕ್ಕೆ ಸುರಿದುಕೊಂಡಳು. ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡು, ಊದಿದ ಕಾಲು ಎಳೆಯುತ್ತ ಬೂಲಾಳ ಹಿಂದೆ ಹೊರಟಳು.