ವಾಪಸ್ ತಗೊಂಡ ನಮಸ್ಕಾರ

ಎದುರಾದವರಿಗೆಲ್ಲ ಕೈಮುಗಿಯುವುದು ಯಮನಪ್ಪನ ಚಟ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ಬೈಲಹೊಂಗಲದ ಅರ್ಧ ಊರನ್ನು ಹತ್ತಿಸಿ ಇಳಿಸಿದ ಮನುಷ್ಯ, ಎಲ್ಲರೂ ಗುರುತಿನವರೇ. ಸೊಸೆ ನೀಲಾ ಹೊಸ ಮೊಬೈಲ್ ಕೊಟ್ಟು ಫೇಸ್‌ಬುಕ್ ತೋರಿಸಿದ ಮೇಲೆ ಆ ಚಟ ಅಲ್ಲಿಗೂ ಹೋಯಿತು. ಯಾರು ಏನು ಬರೆದಿದ್ದಾರೆಂದು ಓದುವ ಗೋಜಿಗೇ ಅವನು ಹೋಗುತ್ತಿರಲಿಲ್ಲ. ಗುರುತಿನ ಹೆಸರು ಕಂಡಿತೋ, ಕೆಳಗೆ ಕೈ ಜೋಡಿಸಿದ ಚಿತ್ರ ಒತ್ತಿದ. ಮಾತಾಡಿಸದೆ ಮುಂದೆ ಹೋದರೆ ಮಂದಿ ಏನೆಂದುಕೊಂಡಾರು?

ಚಳಿ ಶುರುವಾದರೆ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಯಾಂಗ್‌ಚೆನ್ ಸ್ವೆಟರ್ ಗಂಟು ಹೊತ್ತು ಬಂದು ಅವನ ಮನೆಯ ಕಟ್ಟೆಯ ಮೇಲೆ ಅಂಗಡಿ ಹಾಕುವುದು ಹದಿನೆಂಟು ವರ್ಷದ ರೂಢಿ. ಹೆಣ್ಣುಮಕ್ಕಳಿಲ್ಲದ ಯಮನಪ್ಪನಿಗೆ ಅವಳೇ ಮಗಳು. ಈ ಸಲ ಅವಳು ಬಂದಳು, ಆದರೆ ಬಸ್ ಸ್ಟ್ಯಾಂಡಿನ ಆಚೆ ಅಂಗಡಿ ಹಾಕಿದಳು.

ಮೂರು ದಿನ ಕಾದು, ನಾಲ್ಕನೆಯ ದಿನ ಯಮನಪ್ಪ ಸಿಟ್ಟಿನಲ್ಲೇ ಹೋದ. "ಯಾಕವ್ವಾ, ನಮ್ಮ ಕಟ್ಟಿ ಏನ್ ತಪ್ಪ ಮಾಡೇತಿ?"

ಯಾಂಗ್‌ಚೆನ್ ಮೊಬೈಲ್ ಅವನ ಕೈಗಿಟ್ಟಳು. ಊರಿನ ಸುದ್ದಿ ಪುಟದಲ್ಲಿ ಯಾರೋ ಹೋದ ವರ್ಷದ ಅವಳ ಅಂಗಡಿಯ ಫೋಟೊ ಹಾಕಿದ್ದರು. ಕೆಳಗೆ ಇಪ್ಪತ್ಮೂರು ಕಮೆಂಟು. 'ನಿರಾಶ್ರಿತರಂತ ಬಂದು ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ ಹತ್ಯಾರ.' 'ಎಲ್ಲಿಂದ ಬಂದ್ರೋ ಅಲ್ಲಿಗೇ ಓಡಿಸ್ರಿ.' ಒಂದೊಂದರ ಕೆಳಗೂ ಯಮನಪ್ಪನ ಹೆಸರು, ಜೋಡಿಸಿದ ಕೈ.

"ಅವರ್ದು ಬಿಡ್ರಿ ಕಾಕಾ. ಓಡಿಸ್ರಿ ಅಂದವ್ರಿಗೆ ನೀವು ಕೈ ಮುಗದೀರಿ." ಅವಳು ಮೊಬೈಲ್ ಇಸಿದುಕೊಂಡಳು. "ನಾ ಹುಟ್ಟಿದ್ದ ಮುಂಡಗೋಡದಾಗ. ಎಲ್ಲಿಗಂತ ಹೋಗ್ಲಿ?"

ಯಮನಪ್ಪ ನಾಚಿಕೆಯಿಂದ ಭೂಮಿಗಿಳಿದು ಹೋದ. ಓದಿರಲಿಲ್ಲವೆಂದು ಹೇಳಿದ, ಹೇಳಿದ್ದು ಅವನಿಗೇ ಸಾಲದೆನಿಸಿತು.

"ಅಳಸೂದು ಒಂದ್ ನಿಮಿಷದ ಕೆಲಸ ಮಾವಾರ," ಎಂದಳು ಮನೆಯಲ್ಲಿ ನೀಲಾ. ಯಮನಪ್ಪ ಒಪ್ಪಲಿಲ್ಲ. ನಾಲ್ಕು ಮಂದಿಯ ಮುಂದೆ ಮಾಡಿದ ನಮಸ್ಕಾರವನ್ನು ಕಳ್ಳನಂತೆ ವಾಪಸ್ ಒಯ್ಯುವುದೇ? ತಲೆಗೆ ಟೋಪಿ ಇಟ್ಟು, ಚಷ್ಮಾ ಏರಿಸಿ, ಇಪ್ಪತ್ಮೂರು ಹೆಸರಿನ ಚೀಟಿ ಹಿಡಿದು ಹೊರಟ.

ಮೊದಲನೆಯದು ಪಂಕ್ಚರ್ ಅಂಗಡಿಯ ಕಾಂತೇಶನ ಮನೆ.

"ನಿನಗ ಮಾಡಿದ ನಮಸ್ಕಾರ ವಾಪಸ್ ತಗೊಳ್ಳಾಕ ಬಂದೇನಿ," ಎಂದ ಯಮನಪ್ಪ.

ಕಾಂತೇಶ ನಕ್ಕ. "ಚೀಲದಾಗ ಹಾಕಿ ಕೊಡ್ಲೇನ್ರಿ?"

"ಬ್ಯಾಡ. ನೀ ಬರದದ್ದನ್ನ ನಿಮ್ಮವ್ವನ ಮುಂದ ಜೋರಾಗಿ ಓದು, ಸಾಕು."

ತಾಯಿ ರಾಜೇಶ್ವರಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಕಾಂತೇಶ ಎರಡು ಶಬ್ದ ಓದಿದ. ಮೂರನೆಯದು ಬಾಯಿಂದ ಹೊರಡಲಿಲ್ಲ. ಮೊಬೈಲಿನಲ್ಲಿ ಹುಲಿಯಾಗಿದ್ದವನು ಅವ್ವನೆದುರು ಬೆಕ್ಕಾದ. ಅಲ್ಲೇ ಕಮೆಂಟು ಅಳಿಸಿದ.

ಸುದ್ದಿ ಹಬ್ಬಿತು. ಕೆಲವರು ಮುದುಕ ಬರುವ ಮೊದಲೇ ಅಳಿಸಿ ಕೂತರು. ಇಬ್ಬರು ಬಾಗಿಲು ತೆರೆಯಲಿಲ್ಲ. ಒಬ್ಬನಂತೂ ಜಗಳಕ್ಕೇ ನಿಂತ. ಸಂಜೆ ಹನ್ನೊಂದನೆಯ ಮನೆ ಮುಗಿಸಿ ಅದರ ಮುಂದೆಯೇ ಯಮನಪ್ಪ ಮೊಣಕಾಲು ತಿಕ್ಕುತ್ತ ಕೂತಿದ್ದಾಗ ಯಾಂಗ್‌ಚೆನ್ ಹುಡುಕಿಕೊಂಡು ಬಂದಳು.

"ಸಾಕ್ರಿ ಕಾಕಾ. ನನ್ನ ಸಿಟ್ಟ ಇಳೀತು."

"ನಿಂದ ಇಳೀತವ್ವಾ. ನಂದು ಇನ್ನೂ ಹನ್ನೆರಡ ಮನಿ ಐತಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ನಾನೂ ಬರತೇನಿ, ನಡೀರಿ."

ಮುಂದಿನದು 'ಓಡಿಸ್ರಿ' ಎಂದು ಬರೆದ ನಿಜಗುಣಪ್ಪನ ಮನೆ. ಬಾಗಿಲು ತೆರೆದವನು ಅವನೇ. ಯಮನಪ್ಪನನ್ನು ನೋಡಿದ, ಪಕ್ಕದ ಹೆಣ್ಣುಮಗಳನ್ನು ನೋಡಿದ, ಯಾರೆಂದು ಗುರುತೂ ಹತ್ತಿತು. ಏನೋ ಹೇಳಲು ಬಾಯಿ ತೆರೆದ. ಬಾಗಿಲಿಗೆ ಬಂದವರಿಗೆ ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತೇ ಹೊರಬಿತ್ತು.

"ಬರ್ರಿ, ಒಳಗ ಬರ್ರಿ. ಕುಂದರ್ರಿ."