ಬಾಲ ಹಿಡಿದು ಎಳೆದ ಹಾವು

ಆ ಹಾವನ್ನು ಹೊಲಿದವಳು ನಾನು. ಗಾದಿ ಹೊಲಿಯುವುದು ನನ್ನ ಕಸುಬು. ಮೈದುನ ಬಂದು, "ಅತ್ತಿಗೆ, ಸಿನಿಮಾ ತೆಗೀತಿದೀನಿ. ಮನುಷ್ಯನ್ನ ನುಂಗೋವಂಥ ಹಾವು ಬೇಕು. ಕೈ ಮಾತ್ರ ಖಾಲಿ" ಅಂದಾಗ, ಉಳಿದ ಗಾದಿ ಬಟ್ಟೆಯನ್ನೆಲ್ಲ ಜೋಡಿಸಿ, ಹಳೇ ಹತ್ತಿ ತುಂಬಿ, ಮೇಲೆ ರೆಕ್ಸಿನ್ ಚೂರುಗಳನ್ನು ಹುರುಪೆಯಂತೆ ಸಾಲುಸಾಲಾಗಿ ಹೊಲಿದುಕೊಟ್ಟೆ. ಅಂಗಡಿಯಿಂದ ಅದನ್ನು ಹೊರಗೆ ತರಲು ಕಿಟಕಿಯ ಸರಳು ಬಿಚ್ಚಬೇಕಾಯಿತು.

ಒಂದು ಎಡವಟ್ಟಾಯಿತು. ಗಾದಿಗೆ ತಲೆದೆಸೆಯಿಂದ ಹೊಲಿಗೆ ಹಾಕುವುದು ನಮ್ಮ ರೂಢಿ. ಹಾವಿಗೂ ಹಾಗೇ ಹಾಕಿದೆ. ಹುರುಪೆಗಳೆಲ್ಲ ತಲೆಯ ಕಡೆಗೆ ಬಾಯಿ ತೆರೆದುಕೊಂಡು ನಿಂತವು. ಮುಂದಕ್ಕೆ ಎಳೆದರೆ ನೆಲಕ್ಕೆ ಸಿಕ್ಕಿ, ಹಾವು ಹೋಗಿ ಗರಿ ಕೆದರಿದ ಕೋಳಿಯಾಯಿತು. ಬಿಚ್ಚಿ ಹೊಲಿಯಲು ಪುರಸೊತ್ತಿರಲಿಲ್ಲ. ಮೈದುನ ಬಾಲ ಹಿಡಿದು ಹಿಂದಕ್ಕೆ ಎಳೆಸಿ, ಚಿತ್ರವನ್ನು ಉಲ್ಟಾ ಓಡಿಸಿದ. ತೆರೆಯ ಮೇಲೆ ಹಾವು ಎಣ್ಣೆ ಸವರಿದಂತೆ ಜಾರಿ ಬಂತು. ಆಚೆ ಬೀದಿಯಲ್ಲಿದ್ದ ನಾಯಿಯೊಂದು ಮಾತ್ರ ಹಿಂದಕ್ಕೆ ನಡೆಯಿತು.

ಟಾಕೀಸಿನವರು ಯಾರೂ ಮುಟ್ಟಲಿಲ್ಲ. ಮನೆಮನೆಗೆ ಕ್ಯಾಸೆಟ್ ಹಂಚುವ ಕಂಪನಿಯವನೊಬ್ಬ ನೋಡಲು ನಮ್ಮ ಅಂಗಡಿಗೇ ಬಂದ. ಹೊಲಿದಿಟ್ಟ ಗಾದಿಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ.

"ತಗೋತೀನಿ. ಆದ್ರೆ ಹಾಸ್ಯ ಅಂತ ಮಾರೋಣ. ಹಾವು ಬಂದಾಗೆಲ್ಲ ಜನ ನಗೋ ಸದ್ದು ಸೇರಿಸ್ತೀವಿ. ಹೆಸರು 'ಹಾಸಿಗೆ ಹಾವು'."

ಮೈದುನನ ಮುಖ ಬಾಡಿತು. ಆದರೂ ಕೈ ಪೆನ್ನಿಗೆ ತಡಕಾಡಿತು. ಇವನು ಎದ್ದುಹೋದರೆ ಬೇರೆ ಕೊಳ್ಳುವವನಿಲ್ಲ ಎಂದು ನನಗೂ ಗೊತ್ತಿತ್ತು.

"ಏನಯ್ಯಾ, ನಾವು ಹೆದರಿಸೋಕೆ ಮಾಡಿದ್ದು" ಅಂದೆ.

"ಯಾರು ಹೆದರ್ತಾರಮ್ಮ? ನಾಯಿ ಹಿಂದಕ್ಕೆ ನಡೀತಿದೆ!"

"ಅಂಥ ಹಾವು ಬಂದ್ರೆ ನೀನೂ ಹಿಂದಕ್ಕೇ ನಡೀತೀಯ."

"ಸಿಟ್ಟು ಯಾಕೆ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು, ಹಂಗೆ ಹೇಳ್ತಿದೀನಿ."

"ಕೋಲು ಮುರೀಲಿ ಬಿಡು. ನೋಡಿ ನಗೋರು ನಗ್ಲಿ, ಅದು ಅವರ ಬಾಯಿ. ನಾವೇ ಮುಂಚೆ ಹಲ್ಲು ಕಿರಿಯೋದಿಲ್ಲ. ಏಳು ಮೇಲೆ, ಅದು ಗಿರಾಕಿ ಗಾದಿ."

ಅವನು ಎದ್ದ. ಮೈದುನನ ಕಡೆ ತಿರುಗಿದೆ. "ನಿನ್ನ ಸಿನಿಮಾ, ನೀನು ಕೊಡೋದಾದ್ರೆ ಕೊಡು. ಹಾವಿರೋದನ್ನೆಲ್ಲ ಕಿತ್ತು ಕೊಡು."

"ಹಾವು ಕಿತ್ರೆ ಇನ್ನೇನಿರುತ್ತೆ ಅತ್ತಿಗೆ?"

"ಸಿನಿಮಾದಲ್ಲಿ ನಿನ್ನ ಭಾವಮೈದುನ ಹಾವು ನೋಡಿ ಕಿರುಚೋದಿದೆಯಲ್ಲ. ಅದನ್ನ ಹಾಸ್ಯ ಅಂತ ಮಾರ್ಲಿ."

ಮೈದುನ ಫಕ್ಕನೆ ನಕ್ಕ. ಪೆನ್ನು ಜೇಬಿಗೆ ಸೇರಿಸಿ, "ಆಗಲ್ಲ ಸ್ವಾಮಿ" ಅಂದ.

ಆಮೇಲೆ ಎರಡು ವಿಸಿಆರ್ ಜೋಡಿಸಿ ನಾವೇ ಕ್ಯಾಸೆಟ್ ಇಳಿಸಿಕೊಂಡೆವು. ಹೊದಿಕೆಯ ಮೇಲೆ ಹಾವಿನ ಫೋಟೋ ಅಂಟಿಸಿ, ಬಾಡಿಗೆಗೆ ಕೊಡುವ ಅಂಗಡಿಗಳಿಗೆ ನಾನೇ ಹೊತ್ತುಕೊಂಡು ಹೋದೆ. ತೆಗೆದುಕೊಂಡು ಹೋದವರಲ್ಲಿ ಬಹಳ ಜನ ನಗುತ್ತಲೇ ವಾಪಸು ತಂದರಂತೆ. ತರಲಿ.

ಈಗಲೂ ಆ ಬೀದಿಗಳಲ್ಲಿ ಹೋದರೆ ಒಳಗೆ ನುಗ್ಗಿ ನೋಡುತ್ತೇನೆ. ಯಾರಾದರೂ ಅದನ್ನು ಹಾಸ್ಯದ ಸಾಲಿಗೆ ಸರಿಸಿದ್ದರೆ, ಕಿತ್ತು ತಂದು ದೆವ್ವಗಳ ಪಕ್ಕ ತುರುಕುತ್ತೇನೆ. ಅಂಗಡಿಯವರು ಬಾಯಿ ಬಿಡುವುದಿಲ್ಲ. ಬಿಟ್ಟು ನೋಡಲಿ.