ಸರ್ವಮಂಗಳಮ್ಮನ ಮೂಗಿನ ಕೆಳಗೆ

ನಾನೊಂದು ಕಾಫಿ ಪುಡಿ ಡಬ್ಬಿ. ಎಲ್ಲರೂ ಎಳೆಯರಾಗಿ ಹುಟ್ಟಿ ಆಮೇಲೆ ಮುದುಕರಾಗುತ್ತಾರೆ, ನಾನು ಹುಟ್ಟುವಾಗಲೇ ಮುದುಕ. ಹೊಳೆಯುವ ತಗಡನ್ನು ಬಗ್ಗಿಸಿ ನನಗೊಂದು ದುಂಡು ಹೊಟ್ಟೆ ಮಾಡಿದ ಮೇಲೆ, ಕಾರ್ಖಾನೆಯ ಹೆಣ್ಣುಮಕ್ಕಳು ಸ್ಪಂಜನ್ನು ಕಂದು ಬಣ್ಣದಲ್ಲಿ ಅದ್ದಿ ನನ್ನ ಅಂಚಿಗೆಲ್ಲ ತುಕ್ಕು ಬರೆದರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಲ್ಲಲ್ಲಿ ನೆಗ್ಗಿಸಿದರು. ಎದೆಯ ಮೇಲೆ ಲೋಟ ಹಿಡಿದು ನಗುವ, ತುರುಬಿಗೆ ಮಲ್ಲಿಗೆ ಮುಡಿದ ಹೆಂಗಸಿನ ಚಿತ್ರ. ಅದರ ಕೆಳಗೆ ‘ಅಪ್ಪಟ ಕಾಫಿ, ೧೯೩೨ರಿಂದ’ ಎಂಬ ಹಸಿ ಸುಳ್ಳು. ನನ್ನ ಬಣ್ಣ ಇನ್ನೂ ಆರಿರಲಿಲ್ಲ.

ಮೈಸೂರಿನ ಒಂದು ಅಂಗಡಿಯಲ್ಲಿ ನನ್ನಂಥವರ ದೊಡ್ಡ ಸಂಸಾರವೇ ಇತ್ತು. ಗೋಲಿ ಸೋಡಾ ಬಾಟಲಿಯಂಥ ದೀಪ, ಹಳೇ ಬಿಸ್ಕತ್ತಿನ ಜಾಹೀರಾತು ಹೊತ್ತ ತಟ್ಟೆ, ಬೇಕೆಂದೇ ಚಕ್ಕೆ ಎಬ್ಬಿಸಿದ ಮಗ್ಗುಗಳು. ತಿನ್ನುವ ಕುಡಿಯುವ ಮಾತೇ ಎಲ್ಲರ ಮೈಮೇಲೆ, ಆದರೆ ನಮ್ಮಲ್ಲಿ ಒಬ್ಬರೂ ಒಂದು ತುತ್ತು ಅನ್ನ ಕಂಡವರಲ್ಲ. ಪೂರ್ಣಿಮಾ ಎಂಬ ಹುಡುಗಿ ನನ್ನನ್ನು ಎತ್ತಿ ತಿರುಗಿಸಿ ನೋಡಿ, “ಚಿಕ್ಕಮ್ಮನಿಗೆ ಇದೇ ಸರಿ” ಎಂದಳು. ನನ್ನ ಬಾಳು ತಿರುಗಿದ್ದು ಅಲ್ಲಿಂದ.

ಅವಳ ಚಿಕ್ಕಮ್ಮ ಸರ್ವಮಂಗಳಮ್ಮ ಹಾಸನದವರು. ಮನೆಯ ಮುಂಭಾಗವೇ ಅವರ ಕಾಫಿ ಪುಡಿ ಅಂಗಡಿ. ಗಂಡ ಶಾಂತವೀರಪ್ಪ ಬೀಜ ಹುರಿಯುತ್ತಿದ್ದರು, ಮಿಷನ್ನಿಗೆ ಹಾಕಿ ಪುಡಿ ಮಾಡುತ್ತಿದ್ದರು. ಆದರೆ ಅಂಗಡಿ ನಡೆಯುತ್ತಿದ್ದದ್ದು ಸರ್ವಮಂಗಳಮ್ಮನ ಮೂಗಿನ ಮೇಲೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ಬೀಜ ಹದಕ್ಕೆ ಬಂದದ್ದು ಅವರಿಗೆ ಗೊತ್ತಾಗುತ್ತಿತ್ತಂತೆ. ಯಾವ ಮನೆಗೆ ಎಷ್ಟು ಚಿಕೋರಿ ಎಂದು ಅಂಗೈಯಲ್ಲಿ ಚಿಟಿಕೆ ಪುಡಿ ಹಾಕಿಕೊಂಡು ಮೂಸಿಯೇ ಹೇಳುತ್ತಿದ್ದರಂತೆ. ಇದೆಲ್ಲ ನಾನು ಕೇಳಿದ್ದು. ನಾನು ಬರುವಷ್ಟರಲ್ಲಿ ಆ ಮೂಗು ಸತ್ತುಹೋಗಿತ್ತು. ಅದೆಂಥದೋ ಜ್ವರ ಬಂತು, ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತು.

ಪೂರ್ಣಿಮಾ ನನ್ನನ್ನು ತಂದದ್ದು ಅವರ ಮುಖದಲ್ಲಿ ಒಂದಿಷ್ಟು ನಗು ಕಾಣಲಿ ಎಂದು. ಸರ್ವಮಂಗಳಮ್ಮ ಚಿತ್ರದ ಹೆಂಗಸನ್ನು ನೋಡಿ, ಇವಳ ಮೂಗು ನೆಟ್ಟಗಿದೆ ಪುಣ್ಯವಂತೆ ಎಂದು ನಕ್ಕರು. ಆಮೇಲೆ ನನ್ನ ಹೊಟ್ಟೆ ತುಂಬ ಆಗಷ್ಟೇ ಬೀಸಿದ ಬಿಸಿ ಪುಡಿ ಸುರಿದರು. ಆ ಕ್ಷಣ ನನಗಾದ ಬೆರಗನ್ನು ಏನೆಂದು ಹೇಳಲಿ! ಹೊಟ್ಟೆಯೊಳಗೆ ಒಲೆ ಹಚ್ಚಿದಂತಾಯಿತು. ಅಲಂಕಾರಕ್ಕೆ ಹುಟ್ಟಿದವನಿಗೆ ಕೆಲಸ ಸಿಕ್ಕಿತ್ತು.

ಮಾರನೆಯ ಬೆಳಿಗ್ಗೆಯಿಂದ ಶುರುವಾದದ್ದನ್ನು ನಾನು ಪೂಜೆ ಎಂದೇ ಕರೆಯುತ್ತೇನೆ. ಸರ್ವಮಂಗಳಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ನನ್ನ ಮುಚ್ಚಳ ತೆಗೆಯುವರು. ಕಣ್ಣು ಮುಚ್ಚಿ ಬಗ್ಗುವರು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಎರಡು ಹೊಳ್ಳೆಗಳು, ಒಂದು ಮೂಗುಬೊಟ್ಟು. ಉಸಿರು ಒಳಗೆ ಹೋಗುವುದು, ಪುಡಿ ನಡುಗುವುದು. ಈಗ ಬಂತು, ಈಗ ಬಂತು ಎಂದು ನಾನು ಕಾಯುವೆ. ಅವರು ಕಣ್ಣು ತೆರೆದು, ಏನೂ ಆಗದವರಂತೆ ಚಮಚ ಹಾಕುವರು. ಮನುಷ್ಯರ ಮುಖದ ನಡುವೆ ಇರುವ ಆ ಸಣ್ಣ ಗುಡ್ಡದಲ್ಲಿ ಒಂದು ಲೋಕವೇ ಇದೆಯೆಂದು, ಅದು ಮುಚ್ಚಿಹೋದ ಮೇಲೆ ನನಗೆ ತಿಳಿಯಿತು.

ಶಾಂತವೀರಪ್ಪ ದಿನವೂ ಆ ಕಾಫಿಯನ್ನು ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು. ಹೆಂಡತಿಯ ಸಂಕಟ ಕಂಡು ಹಾಗೆ ಮಾಡುತ್ತಾರೆಂದು ನಾನು ತಿಳಿದೆ. ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ಮನೆಗೆ ಬಂದವರು ಮಾತ್ರ ಅರ್ಧ ಲೋಟ ಬಿಟ್ಟು, ಈಗಷ್ಟೇ ಕುಡಿದು ಬಂದೆವು ಎನ್ನುತ್ತಿದ್ದರು.

ಅಂಗಡಿಯೂ ಸೊರಗುತ್ತಿತ್ತು. ಶಾಂತವೀರಪ್ಪ ಬಣ್ಣ ನೋಡಿ ಹುರಿಯುತ್ತಿದ್ದರು, ಆಗಾಗ ಬೀಜ ಸೀದುಹೋಗುತ್ತಿತ್ತು. ಒಂದು ಸಂಜೆ ಸರ್ವಮಂಗಳಮ್ಮ ಶಾಂತವಾಗಿ ಹೇಳಿದರು: “ಯುಗಾದಿವರೆಗೂ ನೋಡಾಣ. ಬರ್ಲಿಲ್ಲ ಅಂದ್ರೆ ಮಿಷನ್ ಕೊಟ್ಬಿಡಾಣ. ವಾಸ್ನೆ ಗೊತ್ತಾಗ್ದೆ ಕಾಫಿಪುಡಿ ಮಾರೋದು ಜನಕ್ಕೆ ಮೋಸ ಮಾಡ್ದಂಗೆ.” ಗಂಡ ಸೀದ ಬೀಜಗಳನ್ನು ಆರಿಸಿ ಬೇರೆ ಹಾಕತೊಡಗಿದರು. ನನ್ನ ಎದೆಯ ಮೇಲಿನ ಹೆಂಗಸೊಬ್ಬಳೇ ನಗುತ್ತಿದ್ದಳು.

ಶಿವರಾತ್ರಿಗೆ ಪೂರ್ಣಿಮಾ ಬಂದಳು. ಕಾಫಿಯ ಮೊದಲ ಗುಟುಕಿಗೇ ಹುಬ್ಬು ಗಂಟಿಕ್ಕಿ, ಚಿಕ್ಕಮ್ಮಾ ಎಂದು ಬಾಯಿ ತೆರೆದಳು. ಶಾಂತವೀರಪ್ಪ ಕಣ್ಣಲ್ಲೇ ಗದರಿಸಿ ಅವಳನ್ನು ಹೊರಗೆ ಕರೆದೊಯ್ದರು. ಅವಳು ಒಳಗೆ ಬಂದು ಲೋಟ ಬರಿದು ಮಾಡಿದಳು, ಚೆನ್ನಾಗಿದೆ ಎಂದೂ ಹೇಳಿದಳು. ಹೋಗುವಾಗ ನನ್ನನ್ನು ನೋಡಿದ ನೋಟ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ. ನನಗೆ ಒಂದೂ ಅರ್ಥವಾಗಲಿಲ್ಲ.

ಯುಗಾದಿ ಹತ್ತಿರ ಬಂತು. ಮಿಷನ್ ನೋಡಲು ಅರಸೀಕೆರೆಯಿಂದ ಒಬ್ಬರು ಬಂದು ಹೋದರು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸರ್ವಮಂಗಳಮ್ಮ ಎಂದಿನಂತೆ ನನ್ನ ಮೇಲೆ ಬಗ್ಗಿದರು. ಉಸಿರು ಒಳಗೆ ಹೋಯಿತು. ಅಲ್ಲೇ ನಿಂತಿತು. ತಲೆ ಸರಕ್ಕನೆ ಹಿಂದಕ್ಕೆ ಹೋಯಿತು. ಮತ್ತೆ ಬಗ್ಗಿದರು, ಈ ಸಲ ಹೊಳ್ಳೆಗಳು ಪುಡಿಗೇ ತಾಗುವಷ್ಟು. ನನ್ನ ಕಾಫಿ ಗೆದ್ದಿತೆಂದು ನಾನು ಹಿಗ್ಗಿದೆ.

“ಏನ್ರೀ, ಬನ್ನಿ ಇಲ್ಲಿ. ಈ ಡಬ್ಬಿ ನಾತ ಹೊಡೀತೈತೆ.”

ಶಾಂತವೀರಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

“ಬಣ್ಣದ ನಾತ ಕಣ್ರೀ. ಸೀಮೆಎಣ್ಣೆ ಥರ. ಪುಡಿಗೆಲ್ಲ ಹತ್ಕೊಂಡೈತೆ. ಇದನ್ನ ಎಷ್ಟು ದಿನದಿಂದ ಕುಡೀತಿದ್ದೀರಿ?”

“ಡಬ್ಬಿ ಬಂದಾಗಿಂದ.”

“ಒಂದು ಮಾತು ಹೇಳ್ಬಾರ್ದಾಗಿತ್ತಾ?”

ಅವರು ಬಂದು ಹೆಂಡತಿಯ ಎದುರು ನೆಲದ ಮೇಲೆ ಕುಳಿತರು. “ನೀನೇ ಹೇಳ್ಲಿ ಅಂತ ಕಾಯ್ತಿದ್ದೆ ಮಂಗಳಾ” ಎಂದರು.

ಸರ್ವಮಂಗಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಳುತ್ತಲೇ ಸೆರಗನ್ನು ಮೂಸಿದರು, ಗಂಡನ ತೋಳನ್ನು ಮೂಸಿದರು, ಕಿಟಕಿಯ ಹತ್ತಿರ ಹೋಗಿ ಬೀದಿಯನ್ನೇ ಮೂಸಿದರು. ಎಲ್ಲವೂ ಬಂದಿರಲಿಲ್ಲ. ಮೊದಲು ಬಂದದ್ದು ನನ್ನ ನಾತ, ಉಳಿದದ್ದು ಒಂದೊಂದಾಗಿ ಆಮೇಲೆ ಬಂತು. ಮಿಷನ್ ಎಲ್ಲಿಗೂ ಹೋಗಲಿಲ್ಲ.

ನನ್ನೊಳಗಿನ ಪುಡಿಯನ್ನು ಅಂದೇ ದಾಸವಾಳದ ಬುಡಕ್ಕೆ ಸುರಿದರು. ನನಗೆ ಮೊದಲು ಅವಮಾನವಾಯಿತು. ಇಷ್ಟು ದಿನ ಒಂದು ಮನೆಯ ಕಾಫಿ ಕೆಡಿಸಿದವನು ನಾನು, ಅದನ್ನೇ ಸೇವೆ ಎಂದುಕೊಂಡಿದ್ದೆ. ಗಂಡಸೊಬ್ಬ ನನ್ನ ನಾತವನ್ನು ದಿನವೂ ನುಂಗಿ ಹೆಂಡತಿಯ ಧೈರ್ಯ ಕಾಯುತ್ತಿದ್ದದ್ದು ಕಣ್ಣೆದುರೇ ಇದ್ದರೂ ನನಗೆ ಕಾಣಲಿಲ್ಲ.

ಈಗ ನಾನು ಅಂಗಡಿಯ ಮೂಲೆಯ ಕಪಾಟಿನಲ್ಲಿದ್ದೇನೆ. ಪೊಟ್ಟಣ ಕಟ್ಟುವ ದಾರದ ಉಂಡೆ ನನ್ನ ಹೊಟ್ಟೆಯಲ್ಲಿದೆ. ಬಣ್ಣ ಮಾಸಿದೆ, ಮುಚ್ಚಳ ಸಡಿಲವಾಗಿದೆ. ದಾರಕ್ಕೆಂದು ಬರುವ ಸರ್ವಮಂಗಳಮ್ಮ ಈಗಲೂ ಕೆಲವೊಮ್ಮೆ ದಾರ ಬಿಟ್ಟು ಮೊದಲು ಮೂಗು ಒಳಗಿಡುತ್ತಾರೆ. ಮುಖ ಸೊಟ್ಟ ಮಾಡಿ, “ಥೂ, ಇನ್ನೂ ಹೋಗಿಲ್ಲ” ಎನ್ನುತ್ತಾರೆ. ಹಾಗೆನ್ನುವಾಗ ಅವರ ಕಣ್ಣು ತುಂಬಿರುತ್ತದೆ.